ಕುಳವಾಡಿ ನಡೆದ ಎಲ್ಲೆ

“ನಿನ್ ತಲೇಲಿರೋದು ಸಗಣಿನೇನ್ಲಾ, ಇಲ್ಲಾ ಸರ್ಕಾರದ ದಫ್ತರಾನಾ? ಸಾಹೇಬ್ರು ಕಾಗ್ದ ಕೇಳುದ್ರೆ ತಲೆ ಮುಟ್ಕೊಂಡು ನಿಂತವ್ನೆ, ಬೋಳಿಮಗ.”

ಪಟೇಲ ರೇವಣಸಿದ್ದಪ್ಪ ಹಾಗೆಂದದ್ದೇ ತಡ, ಶಾಮಿಯಾನದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದವರೆಲ್ಲ ಗೊಳ್ಳೆಂದು ನಕ್ಕರು. ಬಿಸಿಲಿನಲ್ಲಿ ನಿಂತಿದ್ದ ಚಿಕ್ಕಹನುಮಯ್ಯ ತಲೆಯ ಮೇಲಿನ ಕೈ ತೆಗೆಯಲಿಲ್ಲ. ಅವನೇನೂ ತಮಾಷೆ ಮಾಡಿರಲಿಲ್ಲ. ಹಟ್ಟಿಯ ಗಡಿ ಎಲ್ಲಿದೆ, ದಾಖಲೆ ತೋರಿಸು ಎಂದು ಗೃಹನಿರ್ಮಾಣ ಸೊಸೈಟಿಯ ಕಾರ್ಯದರ್ಶಿ ಪುರುಷೋತ್ತಮ ಕೇಳಿದ್ದ. ದಾಖಲೆ ಇರುವ ಜಾಗವನ್ನು ಮುದುಕ ತೋರಿಸಿದ್ದ.

“ಬುದ್ಧಿ, ನಮ್ಮಪ್ಪ ನಂಗೆ ತೋರ್ಸವ್ನೆ, ನಮ್ಮಪ್ಪಂಗೆ ಅವ್ರಪ್ಪ. ಕಾಗ್ದ ಗೀಗ್ದ ನಾವು ಕಂಡಿಲ್ಲ.”

“ಇದು ಸೆವೆಂಟಿ ಸಿಕ್ಸು ಕಣಯ್ಯಾ,” ಎಂದ ಪುರುಷೋತ್ತಮ. “ಎಮರ್ಜೆನ್ಸಿ ಬೇರೆ. ನಿಮ್ಮ ತಾತ ಮುತ್ತಾತನ ಕತೆ ಕೇಳ್ತಾ ಕೂತ್ರೆ ನಮ್ಮ ಮೆಂಬರ್‌ಗಳು ಸೈಟಿಗೆ ಕಾದೂ ಕಾದೂ ಹಣ್ಣಾಗ್ತಾರೆ.”

ನಾಗರಬಾವಿಯಿಂದ ಕೆಂಗೇರಿ ಕಡೆಗೆ ಹೋಗುವ ಗಾಡಿದಾರಿಯ ಬಲಕ್ಕೆ ಕರೇಗುಂಟೆ. ಚಿಕ್ಕಹನುಮಯ್ಯ ಆ ಊರಿನ ಕುಳವಾಡಿ. ಹಿಂದೆ ಎರಡು ಹೊಲದವರು ಗಡಿಗಾಗಿ ಮಚ್ಚು ಹಿಡಿದು ನಿಂತರೆ ಜನ ಮೊದಲು ಓಡುತ್ತಿದ್ದುದು ಠಾಣೆಗಲ್ಲ, ಹೊಲಗೇರಿಗೆ. ಕುಳವಾಡಿ ಕೆರೆಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ, ಕೆರೆಯ ಜೇಡಿಮಣ್ಣಿನ ಉಂಡೆಯೊಂದನ್ನು ತಲೆಯ ಮೇಲಿಟ್ಟುಕೊಂಡು ಎಲ್ಲೆ ನಡೆಯುತ್ತಿದ್ದ. ಜಗಳದವರಿಬ್ಬರೂ ಬಾಯಿ ಮುಚ್ಚಿಕೊಂಡು ಹಿಂದೆ ಬರಬೇಕು. ಅವನ ಹೆಜ್ಜೆ ಬಿದ್ದಲ್ಲಿ ಗಡಿ. ಸುಳ್ಳು ಹೆಜ್ಜೆ ಇಟ್ಟರೆ ಉಂಡೆ ಒಡೆಯುತ್ತದೆ, ಕುಳವಾಡಿಯ ವಂಶ ಅಳಿಯುತ್ತದೆ ಎಂದು ನಂಬಿಕೆ. ತಲೆಯ ಮೇಲೆ ಉಂಡೆ ಇರುವಷ್ಟು ಹೊತ್ತು ಅವನನ್ನು ಯಾರೂ ಬಯ್ಯುವಂತಿಲ್ಲ, ಆ ನೆಲಕ್ಕೆ ಯಾರೂ ಗುದ್ದಲಿ ಹಾಕುವಂತಿಲ್ಲ. ಎಲ್ಲ ಮುಗಿದ ಮೇಲೆ ಜಗಳದವರು ಒಂದೇ ಮೊರದಿಂದ ಪುರಿ ಬೆಲ್ಲ ತಿಂದು ಮನೆಗೆ ಹೋಗುತ್ತಿದ್ದರು. ಕುಳವಾಡಿಗೆ ಬಾಯಾರಿದರೆ ದೂರ ಕೂತು ಬೊಗಸೆ ಒಡ್ಡಬೇಕು, ಮೇಲಿನಿಂದ ಹುಯ್ಯುತ್ತಿದ್ದರು. ಚಿಕ್ಕಹನುಮಯ್ಯ ಸುತ್ತಲ ಏಳು ಹಳ್ಳಿಗಳಲ್ಲಿ ಹಾಗೆ ಹದಿನಾಲ್ಕು ಸಲ ನಡೆದಿದ್ದ.

ಈಗ ಪಟೇಲ ತನ್ನ ಹೊಲವನ್ನು ಲೇಔಟಿಗೆಂದು ಸೊಸೈಟಿಗೆ ಮಾರಿದ್ದ. ಹೊಲದ ಪಕ್ಕದಲ್ಲೇ ಹೊಲಗೇರಿ, ಅಂದರೆ ಇಪ್ಪತ್ತೆರಡು ಗುಡಿಸಲುಗಳ ಹಟ್ಟಿ, ಹಟ್ಟಿಯ ಆಚೆಗೆ ಅವರ ಮಸಣ. ಟ್ರಾಕ್ಟರು ಬಂದ ದಿನ ಹಟ್ಟಿಯವರು ಅದರ ಮುಂದೆ ಅಂಗಾತ ಮಲಗಿದರು. ಗಂಡಸರು ಕೂಲಿಗೆ ಹೋದಾಗ ಹೆಂಗಸರು ಮಲಗಿದರು. ಹೀಗೆ ಹನ್ನೊಂದು ದಿನ. ಪೊಲೀಸಿನವರು ಎರಡು ಸಲ ಬಂದು ಲಾಠಿ ಆಡಿಸಿ ಹೋದರು, ಮಲಗಿದವರು ಒಂದು ಕಲ್ಲನ್ನೂ ಎತ್ತಲಿಲ್ಲ, ಮೇಲೆ ಏಳಲೂ ಇಲ್ಲ. ಸೊಸೈಟಿಯ ಸರ್ವೇಯರ್ ಲಕ್ಷ್ಮೀಪತಿಗೂ ತಲೆ ಕೆಟ್ಟಿತ್ತು. ನಕ್ಷೆಯಲ್ಲಿದ್ದ ಎರಡು ಗಡಿ ಗುರುತಿನ ಬಾಂದುಕಲ್ಲುಗಳು ನೆಲದ ಮೇಲೆ ಇರಲಿಲ್ಲ. ಉಳಿದ ಕಲ್ಲುಗಳಲ್ಲಿ ಒಂದರಿಂದ ಅಳತೆಯ ಚೈನು ಹಿಡಿದರೆ ಹಟ್ಟಿ ಸೊಸೈಟಿಗೆ ಬರುತ್ತಿತ್ತು, ಇನ್ನೊಂದರಿಂದ ಹಿಡಿದರೆ ಹಟ್ಟಿಯವರಿಗೇ ಉಳಿಯುತ್ತಿತ್ತು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಂದು ಪುರುಷೋತ್ತಮನಿಗೆ ಗೊತ್ತಿತ್ತು.

ನಗು ನಿಂತ ಮೇಲೆ ಪಟೇಲ ಎಲೆಅಡಿಕೆ ಉಗುಳಿ ಬಂದ. “ಒಂದ್ ಕೆಲ್ಸ ಮಾಡಿ ಸಾರ್. ಇವ್ನೇ ನಡೀಲಿ. ಇವ್ನು ನಡೆದದ್ದೇ ಗಡಿ ಅಂತ ಎರಡೂ ಕಡೆಯೋರು ಬರ್ಕೊಡಾನ. ಅವ್ರ ಕುಳವಾಡಿ ಮಾತ್ನ ಅವ್ರೇ ಮೀರಾದುಂಟಾ?”

ಲಕ್ಷ್ಮೀಪತಿ ಕನ್ನಡಕ ತೆಗೆದು ಒರೆಸಿಕೊಂಡ. ಪುರುಷೋತ್ತಮ ಪಟೇಲನ ಮುಖವನ್ನೇ ನೋಡಿ, “ವೈ ನಾಟ್, ಆಗಲಿ ಬಿಡಿ” ಎಂದು ಕಾಗದ ತೆಗೆದ. ಭಾನುವಾರ ಬೆಳಗ್ಗೆ ಎಂದು ನಿಗದಿಯಾಯಿತು. ಹಟ್ಟಿಯವರ ಸಂತೋಷ ಹೇಳತೀರದು. ಹೆಬ್ಬೆಟ್ಟು ಒತ್ತಲು ನೂಕಾಡಿದರು. ಹೆಂಗಸರು ಚಿಕ್ಕಹನುಮಯ್ಯನ ಕಾಲು ಮುಟ್ಟಿದರು. ಅವನೊಬ್ಬ ಮಾತ್ರ ಕಾಲು ಹಿಂದಕ್ಕೆಳೆದುಕೊಂಡ.

ಯಾಕೆಂದರೆ ನಿಜವಾದ ಎಲ್ಲೆ ಗೊತ್ತಿದ್ದದ್ದು ಬದುಕಿರುವವರಲ್ಲಿ ಇಬ್ಬರಿಗೇ, ಅವನಿಗೆ ಮತ್ತು ಪಟೇಲನಿಗೆ.

*

“ಏನಂದೆ?” ಎಂದ ಮಗ ಉಗ್ರಪ್ಪ. ರಾಜಾಜಿನಗರದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಆಗತಾನೆ ಸೈಕಲ್ಲು ಗೋಡೆಗೆ ಒರಗಿಸಿದ್ದ. “ಹಟ್ಟಿ ನಮ್ದಲ್ವಾ?”

ಚಿಕ್ಕಹನುಮಯ್ಯ ಮೆಲ್ಲಗೆ ಹೇಳಿದ. ಅವನು ಸಣ್ಣವನಿದ್ದಾಗ ಕೆರೆ ಒಡೆದು ಹಳೇ ಹಟ್ಟಿ ಕೊಚ್ಚಿಹೋಗಿತ್ತು. ಆಗ ರೇವಣಸಿದ್ದಪ್ಪನ ತಾತ, ನನ್ನ ಹೊಲದ ಮೂಲೆಯಲ್ಲಿ ಗುಡಿಸಲು ಹಾಕಿಕೊಳ್ರಿ, ನೀವಿರೋವರೆಗೂ ಇರ್ರಿ ಎಂದಿದ್ದ. ಬರೀ ಬಾಯಿಮಾತು. ಅದನ್ನು ಆಡುವಾಗ ಇಬ್ಬರು ಹುಡುಗರು ಅಲ್ಲಿ ನಿಂತು ಕೇಳಿದ್ದರು. ಒಬ್ಬ ಈಗಿನ ಪಟೇಲ, ಇನ್ನೊಬ್ಬ ಈಗಿನ ಕುಳವಾಡಿ. ಎಲ್ಲೆ ಕತ್ತಾಳೆ ಬೇಲಿ ಹಿಡಿದು ಬಂದು, ಬಸರಿ ಮರದ ಮೋಟಿನ ಹತ್ತಿರ ಬಲಕ್ಕೆ ತಿರುಗಿ, ಹಟ್ಟಿಯ ಹಿಂದುಗಡೆ ಬೀಳುತ್ತದೆ. ಕೊನೆಯ ಸಾಲಿನಲ್ಲಿರುವ ಇವರ ಗುಡಿಸಲ ನಡುವಿನಲ್ಲೇ ಹಾಯುತ್ತದೆ. ಆಮೇಲೆ ಹೊರಕ್ಕೆ ಬಾಗಿ, ಮಸಣವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಬಳಸಿ, ಕೆರೆ ತೂಬಿನ ಕಲ್ಲಿಗೆ ಸೇರುತ್ತದೆ. ಮಸಣ ಹಟ್ಟಿಯವರದು. ಹಟ್ಟಿ ಪಟೇಲನದು.

“ಅಂದ್ರೆ ಆ ಸೂಳೇಮಗ ಎಲ್ಲಾ ಗೊತ್ತಿದ್ದೇ ನಿನ್ನ ನಡೀ ಅಂದವ್ನೆ.”

“ಊಂ. ನಾನು ಸುಳ್ಳು ನಡೆಯಾಕಿಲ್ಲ ಅಂತ ಅವ್ನಿಗೆ ಗೊತ್ತು.”

ಉಗ್ರಪ್ಪ ಅಪ್ಪನ ಎದುರು ಕುಕ್ಕರುಗಾಲಿನಲ್ಲಿ ಕೂತ. “ಅಪ್ಪಾ, ಮೋಟ್ನತ್ರ ಬಲಕ್ ತಿರುಗೋ ಬದ್ಲು ಎಡಕ್ಕೆ ಅದಿನೈದು ಎಜ್ಜೆ ಆಕು. ಅಷ್ಟೇ ತಾನೆ. ಹಟ್ಟಿ ಮುಂದ್ಗಡೆ ಬತ್ತೀಯ. ಇಪ್ಪತ್ತೆರಡು ಮನೆ ಉಳೀತವೆ. ಯಾವ್ ನನ್ಮಗ ಕೇಳ್ತಾನೆ?”

“ಅದಿನಾಲ್ಕು ಸಲ ನಡ್ದಿವ್ನಿ ಕಣ್ಲಾ. ಒಂದ್ಸಲ ಸುಳ್ಳು ನಡುದ್ರೆ ಆ ಅದಿನಾಲ್ಕೂ ಸುಳ್ಳಾಯ್ತವೆ. ನಾಳೆ ಯಾರಾದ್ರೂ ಮಚ್ಚಿಡ್ಕೊಂಡು ನಿಂತ್ರೆ ಯಾರ್ನ ಕರೀತಾರೆ?”

“ಪೋಲೀಸ್ನೋರ್ನ ಕರೀತಾರೆ. ನಿನ್ನ ಕಡೇದಾಗಿ ಕರ್ದಿದ್ದು ಯಾವಾಗ, ಏಳು?”

ಕರೆದು ಒಂಬತ್ತು ವರ್ಷವಾಗಿತ್ತು.

ಸೊಸೆ ನೀಲಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ತಿರುವುವ ಕೋಲು ನಿಲ್ಲಿಸದೆ, ಇತ್ತ ತಿರುಗದೆ ಮಾತಾಡಿದಳು. “ಸುಳ್ಳು ಎಜ್ಜೆ ಇಟ್ರೆ ವಂಸ ಅಳೀತದೆ ಅಂತೀರಲ್ಲ ಮಾವ. ನಾನೆತ್ತ ಮಗೀನ ಎರಡ್ ವರ್ಸಕ್ಕೇ ಮಣ್ ಮಾಡ್ದೆ. ಆಗ ನೀವ್ ಯಾವ್ ಸುಳ್ ನಡ್ದಿದ್ರಿ?”

ಆ ಮಗುವನ್ನು ಮಸಣದಲ್ಲಿ ಚಿಕ್ಕಹನುಮಯ್ಯನ ಹೆಂಡತಿ ಅಂಜನಮ್ಮನ ಪಕ್ಕದಲ್ಲೇ ಇಟ್ಟಿದ್ದರು. ಮುದ್ದೆಯ ತಟ್ಟೆ ಮುಂದೆ ಬಂದಾಗ ಅವನು ಅದನ್ನು ಪಕ್ಕಕ್ಕೆ ಸರಿಸಿದ. “ಆಯ್ತು ಬುಡು. ಎಡಕ್ಕೇ ನಡೀತೀನಿ” ಎಂದ. ಹಾಗೆ ಅಂದದ್ದಕ್ಕೆ ಅವನಿಗೆ ಸಮಾಧಾನವೂ ಆಯಿತು, ತನ್ನ ಬಾಯಿಯ ಮೇಲೆ ಹೇಸಿಗೆಯೂ ಆಯಿತು.

*

ಭಾನುವಾರವಾದ್ದರಿಂದ ರಾಜಾಜಿನಗರ, ವಿಜಯನಗರಗಳಿಂದ ಸೊಸೈಟಿಯ ಮೆಂಬರುಗಳು ತಮ್ಮ ಸೈಟು ನೋಡಲು ಹೆಂಡತಿ ಮಕ್ಕಳ ಜೊತೆ ಬಂದಿದ್ದರು. ಛತ್ರಿ, ಫ್ಲಾಸ್ಕು, ಡಬ್ಬಿಯಲ್ಲಿ ಚಿತ್ರಾನ್ನ. ಒಬ್ಬಾಕೆ ಮಸಣದ ಕಡೆ ಕೈ ತೋರಿಸಿ, “ಅದನ್ನೆಲ್ಲ ತೆಗೆಸ್ತೀರಿ ತಾನೆ? ಮಕ್ಕಳು ಹೆದರಿಕೊಳ್ತವೆ” ಎಂದು ಪುರುಷೋತ್ತಮನನ್ನು ಕೇಳಿದಳು. ಅಲ್ಲಿ ಪಾರ್ಕ್ ಬರುತ್ತದೆ ಎಂದು ಅವನು ಹೇಳಿದ.

ಚಿಕ್ಕಹನುಮಯ್ಯ ಕೆರೆಯಲ್ಲಿ ಮುಳುಗೆದ್ದು ಬಂದ. ತಲೆಯ ಮೇಲೆ ತೆಂಗಿನಕಾಯಿ ಗಾತ್ರದ ಮಣ್ಣುಂಡೆ. ಅದನ್ನು ಹೊತ್ತವನು ನೆಲ ನೋಡುವಂತಿಲ್ಲ, ಕತ್ತು ಬಗ್ಗಿಸಿದರೆ ಉಂಡೆ ಬಿತ್ತು. ಅಂಗಾಲೇ ಕಣ್ಣು. ಬೇಲಿ ಹಿಡಿದು ನಡೆಯುವಾಗ ಎಲ್ಲಿ ಕಲ್ಲುಬಂಡೆ, ಎಲ್ಲಿ ಗರಸು, ಎಲ್ಲಿ ಹಳೇ ಕಾಲುವೆಯ ತಗ್ಗು ಎಂಬುದೆಲ್ಲ ಅವನ ಕಾಲಿಗೆ ಗೊತ್ತಿತ್ತು. ಹಿಂದೆ ಒಂದು ಕಡೆ ಹಟ್ಟಿಯವರು, ಇನ್ನೊಂದು ಕಡೆ ಪಟೇಲ, ಪುರುಷೋತ್ತಮ, ಪುಸ್ತಕ ಹಿಡಿದ ಲಕ್ಷ್ಮೀಪತಿ. ಅವನು ಹೆಜ್ಜೆ ಇಟ್ಟಲ್ಲೆಲ್ಲ ಕೂಲಿಗಳು ಸುಣ್ಣ ಚೆಲ್ಲುತ್ತಿದ್ದರು.

ಬಸರಿ ಮೋಟು ಬಂತು.

ಎಡಗಾಲು ಎತ್ತಿ ಎಡಕ್ಕಿಡಬೇಕು. ರಾತ್ರಿಯೆಲ್ಲ ಅವನು ಮನಸ್ಸಿನಲ್ಲೇ ಈ ಹದಿನೈದು ಹೆಜ್ಜೆಗಳನ್ನು ನೂರು ಸಲ ನಡೆದಿದ್ದ. ಈಗ ಕಾಲು ಏಳಲಿಲ್ಲ. ಉಂಡೆ ಒಡೆಯುತ್ತದೆಂಬ ಹೆದರಿಕೆ ಅವನಿಗಿರಲಿಲ್ಲ, ಆ ಹೆದರಿಕೆಯನ್ನು ನೀಲಮ್ಮ ಆವತ್ತೇ ಕಿತ್ತುಹಾಕಿದ್ದಳು. ಇದು ಬರೀ ನಾಚಿಕೆ. ಊರೆಲ್ಲ ನೋಡುತ್ತಿರುವಾಗ ಬಟ್ಟೆ ಬಿಚ್ಚಿ ನಿಂತಂಥ ನಾಚಿಕೆ. ಬಲಕ್ಕೆ ಹೋಗೋಣವೆಂದರೆ ಇಪ್ಪತ್ತೆರಡು ಮನೆಗಳ ಒಲೆಯನ್ನು ತನ್ನ ಕೈಯಾರೆ ಆರಿಸಿದಂತೆ. ಎಡಕ್ಕೂ ಹೋಗದೆ, ಬಲಕ್ಕೂ ಹೋಗದೆ ಮುದುಕ ಮೋಟಿನ ಪಕ್ಕದಲ್ಲಿ ನಿಂತುಬಿಟ್ಟ.

“ಯಾಕಪ್ಪಾ?” ಎಂದ ಉಗ್ರಪ್ಪ ಪಿಸುಮಾತಿನಲ್ಲಿ.

“ಇಲ್ಲೇ ನಿಂತ್ಕತೀನಿ ಕಣ್ಲಾ. ಉಂಡೆ ಇಳಿಯಾಗಂಟ ಯಾರೂ ನೆಲ ಮುಟ್ಟಂಗಿಲ್ಲ. ನಾನು ಇಳಿಸಾಕಿಲ್ಲ.”

ಹಟ್ಟಿಯವರಿಗೆ ಒಂದು ಕ್ಷಣ ತಿಳಿಯಲಿಲ್ಲ, ತಿಳಿದ ಮೇಲೆ ಒಬ್ಬೊಬ್ಬರಾಗಿ ಅವನ ಸುತ್ತ ಕೂತರು. ಹಳ್ಳಿಗಳಿಂದ ಬಂದ ಕೂಲಿಗಳಿಗೆ ಈ ಕಟ್ಟಳೆ ಗೊತ್ತಿತ್ತು. ಅವರು ಸುಣ್ಣದ ಬುಟ್ಟಿ, ಹಾರೆ ಕೆಳಗಿಟ್ಟು ಬೀಡಿ ಹಚ್ಚಿದರು. ಪಟೇಲನಿಗೂ ಗೊತ್ತಿತ್ತು. ಅವನು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು ಶಾಮಿಯಾನಕ್ಕೆ ಹೋಗಿ ಕೂತ. ಬಿಸಿಲು ಏರಿತು. ಉಂಡೆ ಒಣಗಿ ಬಿರುಕು ಬಿಡದಂತೆ ನೀಲಮ್ಮ ಆಗಾಗ ಚೊಂಬಿನಿಂದ ನೀರು ಚಿಮುಕಿಸುತ್ತಿದ್ದಳು. ಕೆಸರು ನೀರು ಮುದುಕನ ಹಣೆಯಿಂದ ಕಣ್ಣಿಗೆ, ಕಣ್ಣಿಂದ ಮೀಸೆಗೆ ಇಳಿಯುತ್ತಿತ್ತು. ಒಂದು ಗಂಟೆ ಹೋಯಿತು, ಎರಡು ಗಂಟೆ ಹೋಯಿತು. ಮೆಂಬರುಗಳ ಮಕ್ಕಳು ಚಿತ್ರಾನ್ನ ತಿನ್ನುತ್ತಾ ಹತ್ತಿರ ಬಂದು ನೋಡಿ ಹೋದವು. ಚಿಕ್ಕಹನುಮಯ್ಯನಿಗೆ ಕಾಲು ಮರಗಟ್ಟಿದ್ದರೂ ಒಳಗೊಳಗೇ ಒಂದು ಹಿಗ್ಗು. ಸುಳ್ಳೂ ಆಡದೆ ಮನೆಯೂ ಹೋಗದೆ ಉಳಿಯುವ ದಾರಿ ಸಿಕ್ಕಿತೆಂದು ಅವನು ನಂಬಿದ್ದ.

ಪುರುಷೋತ್ತಮ ಗಡಿಯಾರ ನೋಡಿಕೊಂಡ. “ಏನ್ರೀ ಇದು ನಾಟಕ? ಲಕ್ಷ್ಮೀಪತಿ, ಅಗ್ರಿಮೆಂಟಲ್ಲಿ ಏನಿದೆ?”

“ಕುಳವಾಡಿ ತೋರಿಸಿದ ಗಡಿಗೆ ಬದ್ಧರು ಅಂತ ಇದೆ ಸಾರ್.”

“ಎಲ್ಲಿವರೆಗೆ ತೋರಿಸಿದಾನೆ?”

“ಈ ಮೋಟಿನವರೆಗೆ.”

“ಸರಿ, ಇದೊಂದು ಪಾಯಿಂಟ್ ಆಯ್ತಲ್ಲ. ಇನ್ನೊಂದು ನಕ್ಷೇಲಿರೋ ಆ ತೂಬಿನ ಕಲ್ಲು. ಮಧ್ಯೆ ಸ್ಟ್ರೈಟ್ ಲೈನ್ ಹೊಡೀರಿ.”

ಲಕ್ಷ್ಮೀಪತಿ ಕಾಗದದ ಮೇಲೆ ಸ್ಕೇಲಿಟ್ಟು ಗೆರೆ ಎಳೆದು ನೋಡಿದ. “ಮಸಾಣವೂ ನಮ್ಮ ಕಡೆಗೇ ಬರುತ್ತೆ ಸಾರ್. ಹಳೇ ನಕ್ಷೇಲಿ ಅಲ್ಲೇನೋ ಬಾಗಿದ ಹಾಗಿತ್ತು.”

“ಬಾಗೋದು ಗೀಗೋದು ಬೇಡ. ನೇರ ಇದ್ರೆ ಸೈಟು ಕಟ್ ಮಾಡೋಕೆ ಈಸಿ.”

ಕೂಲಿಗಳು ಏಳಲಿಲ್ಲ. ಪುರುಷೋತ್ತಮ ಜೀಪಿನ ಡ್ರೈವರನ್ನೂ ಕಾವಲಿಗೆ ಬಂದಿದ್ದ ಇಬ್ಬರು ಪೊಲೀಸರನ್ನೂ ಕರೆದ. ಮುದುಕನ ಎರಡು ಅಡಿ ಪಕ್ಕದಲ್ಲಿ ಗೂಟ ಹೊಡೆದು ದಾರ ಕಟ್ಟಿದರು. ತಲೆಯ ಮೇಲಿನ ಮಣ್ಣನ್ನು ಯಾರೂ ಮುಟ್ಟಲಿಲ್ಲ, ಅದು ಇದೆಯೆಂದೇ ಅವರಿಗೆ ಲೆಕ್ಕವಿರಲಿಲ್ಲ. ದಾರ ಹಟ್ಟಿಯ ಮೇಲೆ ಹಾಯ್ದು, ಮಸಣದ ಮೇಲೆ ಹಾಯ್ದು ತೂಬಿನ ಕಡೆ ಹೋಯಿತು. ಬೇಡ ಎನ್ನುತ್ತಾ ಅಡ್ಡ ಮಲಗಿದ ನಾಲ್ಕು ಜನ ಹೆಂಗಸರನ್ನು ಪೊಲೀಸರು ಕೂದಲು ಹಿಡಿದು ಎಳೆದು ಪಕ್ಕಕ್ಕೆ ಹಾಕಿದರು.

ಕತ್ತು ತಿರುಗಿಸಲಾಗದೆ ನಿಂತಿದ್ದ ಚಿಕ್ಕಹನುಮಯ್ಯನಿಗೆ ಸುತ್ತಿಗೆಯ ಸದ್ದು ದೂರ ಹೋಗುತ್ತಿರುವುದು ಕೇಳಿಸಿತು. “ಎತ್ಲಾಗೆ ಓಯ್ತಾವ್ರೆ?” ಎಂದು ಮಗನನ್ನು ಕೇಳಿದ.

“ನೆಟ್ಟಗೆ. ಅವ್ವನ್ ಮೇಲಿಂದ” ಎಂದ ಉಗ್ರಪ್ಪ. ಅವನ ಕೈಯಲ್ಲಿ ಯಾವಾಗಲೋ ಒಂದು ಹಾರೆ ಬಂದಿತ್ತು.

“ಅದ ಕೆಳಗಾಕು.”

“ಅಪ್ಪಾ, ಇನ್ನೂ ಸುಮ್ಕಿರಾದಾ?”

“ಅವ್ರು ಕಾಯ್ತಿರಾದೇ ಅದಕ್ಕೆ. ನೀನು ಅದ ಎತ್ತುದ್ರೆ ಎಲ್ರೂನೂ ವ್ಯಾನಿಗ್ ತುಂಬ್ತಾರೆ, ಗೂಟ ಕೇಳೋರೇ ಇರಾಕಿಲ್ಲ. ಕೆಳಗಾಕ್ಲಾ.” ಮಗ ಹಾರೆ ಕೆಳಗೆ ಹಾಕಿದ ಮೇಲೆ ಮುದುಕ ಮತ್ತೆ ಅಂದ. “ತಪ್ಪು ನಂದು. ನಿಂತ್ಕಬಾರದಿತ್ತು. ನಿಂತಿದ್ದಕ್ಕೆ ನಿಮ್ಮವ್ವ ಅಂಜಿನೂ ಓದ್ಲು, ಮಗಾನೂ ಓಯ್ತು. ನಡೀತೀನಿ, ದಾರಿ ಬುಡ್ರಪ್ಪ.”

ಅವನು ಬಲಕ್ಕೆ ತಿರುಗಿದ.

ಹಟ್ಟಿಯವರಿಗೆ ಆಗ ಗೊತ್ತಾಯಿತು. ಅವನ ಕಾಲು ತಮ್ಮ ಮನೆಗಳ ಹಿಂದಕ್ಕೆ ಹೋಗುತ್ತಿದೆ, ಅಂದರೆ ಇಷ್ಟು ದಿನ ತಮ್ಮದೆಂದುಕೊಂಡದ್ದು ತಮ್ಮದಲ್ಲ. ಒಬ್ಬ ಮುದುಕಿ, “ಎಂಗಪ್ಪಾ ನಡೀತೀಯ, ನಿನ್ ಮನೆ ಆಳಾಗ” ಎಂದು ಅವನ ಮುಂದೆ ಮಣ್ಣು ತೂರಿದಳು. ಅವನು ನಿಲ್ಲಲಿಲ್ಲ. ತನ್ನದೇ ಗುಡಿಸಲ ಬಾಗಿಲಿಗೆ ಬಂದ. ಬಾಗಿಲು ಗಿಡ್ಡ. ಬಗ್ಗಿದರೆ ಉಂಡೆ ಬೀಳುತ್ತದೆ, ಬಳಸಿ ಹೋದರೆ ಎಲ್ಲೆ ತಪ್ಪುತ್ತದೆ. ಹೊಸಲಿನ ಈಚೆ ನಿಂತ.

ಉಗ್ರಪ್ಪ ಅಪ್ಪನ ಬೆನ್ನನ್ನೇ ನೋಡಿದ. ಕೆಳಗೆ ಹಾಕಿದ್ದ ಹಾರೆಯನ್ನು ಮತ್ತೆ ಎತ್ತಿಕೊಂಡು ಬಂದು ಬಾಗಿಲ ಮೇಲಿನ ಅಡ್ಡತೊಲೆಗೆ ಹಾಕಿ ಮೀಟಿದ. ಹುಲ್ಲು, ಗಳು, ಹತ್ತು ವರ್ಷದ ಹೊಗೆ ಹಿಡಿದ ಕಿಟ್ಟ ಎಲ್ಲ ಸುರಿಯಿತು. ನೀಲಮ್ಮ ಒಳಗೆ ನುಗ್ಗಿ ಒಲೆಯ ಮೇಲಿದ್ದ ಸಾರಿನ ಮಡಕೆ ಎತ್ತಿ ಪಕ್ಕಕ್ಕೆ ಸರಿದಳು. ಚಿಕ್ಕಹನುಮಯ್ಯ ನೆಟ್ಟಗೆ ಒಳಗೆ ನಡೆದು, ಒಲೆಯ ಬೂದಿಯಲ್ಲಿ ಒಂದು ಹೆಜ್ಜೆ ಇಟ್ಟು, ಮಗ ಕೆಡವಿದ ಹಿಂದಿನ ಗೋಡೆಯಿಂದ ಹೊರಗೆ ಬಂದ.

“ಬೇಯ್ಸಿದ್ದೂ ಉಣ್ಣಾಕಾಗ್ಲಿಲ್ಲ” ಎಂದಳು ನೀಲಮ್ಮ ಯಾರಿಗೂ ಅಲ್ಲದೆ. ಮಡಕೆಯನ್ನು ಕೆಳಗಿಡಲೂ ಜಾಗ ಕಾಣದೆ ಅದನ್ನು ಹಿಡಿದುಕೊಂಡೇ ಮಾವನ ಹಿಂದೆ ಹೊರಟಳು. ಮಣ್ಣು ತೂರಿದ ಮುದುಕಿಯೂ ಬಂದಳು. ಆಮೇಲೆ ಹಟ್ಟಿಯ ಎಲ್ಲರೂ ಬಂದರು.

ಶಾಮಿಯಾನದಿಂದ ಎದ್ದು ಬಂದವನು ಪಟೇಲನೊಬ್ಬನೇ. ಮನೆ ಕಿತ್ತದ್ದನ್ನು ಕಂಡು ಅವನಿಗೆ ಕೂತಿರಲಾಗಲಿಲ್ಲವೋ, ಕಟ್ಟಳೆಯೇ ಎಳೆಯಿತೋ, ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದ. ಚಿಕ್ಕಹನುಮಯ್ಯ ಮಸಣದ ಹೊರಗಿನಿಂದ ಬಳಸಿ, ಒಂದು ಸಮಾಧಿಯನ್ನೂ ತುಳಿಯದೆ, ತೂಬಿನ ಕಲ್ಲಿಗೆ ಹೋಗಿ ಕಾಲಿಟ್ಟ. ತಲೆಯ ಮೇಲೆ ಉಂಡೆ ಒಡೆಯದೆ ಇತ್ತು. ಅವನು ಪೂರಾ ಮೈ ತಿರುಗಿಸಿ ಪಟೇಲನಿಗೆ ಮುಖ ಮಾಡಿದ.

“ಮನೆ ನಿಮ್ದು, ತಗಳಿ. ಇವತ್ತೇ ಬುಡ್ತೀವಿ. ಮಸಾಣ ನಮ್ದು. ನಿಮ್ ತಾತನೂ ಇಂಗೇ ಹೇಳಿದ್ರು, ನೀವೂ ಕೇಳಿದ್ರಿ. ಎಲ್ಲೆ ಸರಿಯಾ, ಏಳಿ.”

ರೇವಣಸಿದ್ದಪ್ಪ ಸುತ್ತ ನಿಂತ ಹಟ್ಟಿಯವರನ್ನು ನೋಡಿದ. ಶಾಮಿಯಾನದ ಕಡೆ ನೋಡಿದ. ಅಲ್ಲಿ ಪುರುಷೋತ್ತಮ ಮೆಂಬರುಗಳಿಗೆ ನಕ್ಷೆ ಬಿಡಿಸಿ ಸೈಟಿನ ನಂಬರು ತೋರಿಸುತ್ತಿದ್ದ.

“ನಂಗೇನ್ಲಾ ಗೊತ್ತು?” ಎಂದ ಪಟೇಲ. “ನಾನಾಗ ಹುಡುಗ. ಅವ್ರ ನಕ್ಷೆ ಹೆಂಗೈತೋ ಹಂಗೆ.”

ಚಿಕ್ಕಹನುಮಯ್ಯನಿಗೆ ತಟಕ್ಕನೆ ಏನೂ ಕೇಳಿಸದಂತಾಯಿತು. ಅವನು ಎರಡೂ ಕೈ ಎತ್ತಿ ಉಂಡೆಯನ್ನು ತಲೆಯಿಂದ ತೆಗೆದು ಪಟೇಲನ ಮುಂದೆ ಹಿಡಿದ.

“ಅಂಗಾರೆ ನೀವೊತ್ಕಳಿ ಪಟೇಲ್ರೆ. ನೀವ್ ನಡೀರಿ. ನಿಮ್ ಕಾಲು ಎತ್ತ ಓಯ್ತದೋ ಅತ್ತ ನಾವ್ ಬತ್ತೀವಿ.”

ಪಟೇಲನ ಎರಡೂ ಕೈ ಬೆನ್ನ ಹಿಂದೆ ಹೋದವು. “ದೂರ ನಿಲ್ಲಲಾ” ಎಂದ, ದನಿ ಜೋರಾಗಿ ಬರಲಿಲ್ಲ. ಒಂದು ಹೆಜ್ಜೆ ಹಿಂದಕ್ಕಿಟ್ಟ. ಚಿಕ್ಕಹನುಮಯ್ಯ ಒಂದು ಹೆಜ್ಜೆ ಮುಂದೆ ಬಂದ. ಪಟೇಲ ಮತ್ತೊಂದು ಹೆಜ್ಜೆ ಹಿಂದೆ ಹೋದ. ಮುದುಕನ ಕೈಯ ಉಂಡೆ ಪಟೇಲನ ಎದೆಯ ಮಟ್ಟದಿಂದ ಕೆಳಗಿಳಿಯಲಿಲ್ಲ. ಪಟೇಲನ ಬೆನ್ನ ಹಿಂದೆ, ಅಂಜನಮ್ಮನ ತಲೆದೆಸೆಯ ಕಲ್ಲಿನ ಪಕ್ಕದಲ್ಲಿ ಜೀಪಿನ ಡ್ರೈವರು ಗೂಟ ನಿಲ್ಲಿಸಿ, ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, ಸುತ್ತಿಗೆ ಎತ್ತಿದ.